ಗೇರ್‌ಬಾಕ್ಸ್ ಒಂದೇ, ವಾರಂಟಿ ದೇಶಕ್ಕೊಂದು

2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಫೋರ್ಡ್ ಕಂಪನಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಕೆಟ್ಟ ಗೇರ್‌ಬಾಕ್ಸ್ ಮಾಡಿದ್ದಕ್ಕಲ್ಲ, ದೂರು ಹೊತ್ತು ಬಂದ ಗಿರಾಕಿಗಳನ್ನು ನಡೆಸಿಕೊಂಡ ರೀತಿಗೆ. ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳಲ್ಲಿದ್ದ ‘ಪವರ್‌ಶಿಫ್ಟ್’ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಿಧಾನ ಹೋಗುವಾಗ ಗಡಗಡ ನಡುಗುತ್ತಿತ್ತು. ದೋಷ ತನ್ನದೇ ಎಂಬ ಸುಳಿವು ಕಂಪನಿಗೆ ಇದ್ದಾಗಲೂ ಹಲವರಿಗೆ ಸಿಕ್ಕ ಉತ್ತರ, ನೀವು ಓಡಿಸುವ ರೀತಿಯೇ ಸರಿಯಿಲ್ಲ ಎಂಬುದು.

ಆ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್, ಎರಡೂ ಒಣ ಕ್ಲಚ್. ಸೀಲ್ ಸೋರಿ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದರೆ ಹಿಡಿತ ತಪ್ಪಿ ಕಾರು ನಡುಗುತ್ತದೆ. ಚಾಲಕ ಅಲ್ಲಿ ಮಾಡುವುದಾದರೂ ಏನು? ಕಾರಿಗೆ ಕ್ಲಚ್ ಪೆಡಲೇ ಇಲ್ಲ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ನಿರ್ಧರಿಸುವುದು ಕಂಪನಿಯೇ ಬರೆದ ಸಾಫ್ಟ್‌ವೇರ್.

ಇದೇ ಗೇರ್‌ಬಾಕ್ಸಿಗೆ ಅಮೆರಿಕದಲ್ಲಿ ಫೋರ್ಡ್ 2014ರಲ್ಲಿ ವಾರಂಟಿ ಹಿಗ್ಗಿಸಿತ್ತು: ಕ್ಲಚ್ ಮತ್ತು ಸೀಲಿಗೆ ಏಳು ವರ್ಷ ಅಥವಾ ಒಂದು ಲಕ್ಷ ಮೈಲಿ, ಅದನ್ನು ನಡೆಸುವ ಕಂಪ್ಯೂಟರಿಗೆ ಹತ್ತು ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ. ಥಾಯ್ಲೆಂಡಿನ ಮುನ್ನೂರರಷ್ಟು ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋಗಿ, 2018ರಲ್ಲಿ ಪರಿಹಾರದ ತೀರ್ಪು ಪಡೆದರು. ಭಾರತದಲ್ಲೂ ಪವರ್‌ಶಿಫ್ಟ್ ಹೆಸರಿನ ಆಟೊಮ್ಯಾಟಿಕ್ ಫಿಯೆಸ್ಟಾ, ಇಕೋಸ್ಪೋರ್ಟ್‌ಗಳು ಮಾರಾಟವಾದವು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುವುದಾಗಿ ಸಾರಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಚೀನಾದ ಕಥೆ. ಅಲ್ಲಿ ಸಿಕ್ಕಿಬಿದ್ದದ್ದು ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ‘ಡಿಎಸ್‌ಜಿ’ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ದೂರುಗಳು ಏರುತ್ತಿದ್ದಂತೆ 2012ರಲ್ಲಿ ಕಂಪನಿ ಚೀನಾದಲ್ಲಿ ಅದರ ವಾರಂಟಿಯನ್ನು ಹತ್ತು ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಏರಿಸಿತು. ಜನ ಅಷ್ಟಕ್ಕೆ ಸುಮ್ಮನಾಗಲಿಲ್ಲ. 2013ರ ಮಾರ್ಚ್ 15ರ ಗ್ರಾಹಕ ದಿನದಂದು ಸರ್ಕಾರಿ ಟಿವಿ ಈ ದೋಷವನ್ನು ದೇಶಕ್ಕೆಲ್ಲ ತೋರಿಸಿತು, ವಾರದೊಳಗೆ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಯುವ ಘೋಷಣೆ ಬಂತು. (ಸರ್ಕಾರದ ಟಿವಿ ಯಾರನ್ನು ಬಯಲಿಗೆಳೆಯುತ್ತದೆ, ಯಾರನ್ನು ಬಿಡುತ್ತದೆ ಎಂಬುದು ಬೇರೆಯೇ ಚರ್ಚೆ.) ಅದೇ ವರ್ಷ ಅಕ್ಟೋಬರ್ 1ರಿಂದ ಅಲ್ಲಿ ಜಾರಿಯಾದ ನಿಯಮದ ಪ್ರಕಾರ ಕಾರಿನ ವಾರಂಟಿ ಮೂರು ವರ್ಷ ಅಥವಾ 60,000 ಕಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಮೊದಲ ಎರಡು ವರ್ಷ ಅಥವಾ 50,000 ಕಿ.ಮೀ.ಯೊಳಗೆ ಗೇರ್‌ಬಾಕ್ಸನ್ನು ಎರಡು ಸಲ ಬದಲಿಸಿದರೂ ಸರಿಹೋಗದಿದ್ದರೆ ಕಾರನ್ನೇ ಹಿಂದಿರುಗಿಸಬಹುದು.

ಆಸ್ಟ್ರೇಲಿಯಾದ ದಾರಿ ಬೇರೆ. 2011ರಿಂದ ಜಾರಿಯಲ್ಲಿರುವ ಅಲ್ಲಿನ ಗ್ರಾಹಕ ಕಾನೂನಿಗೆ ಕಂಪನಿಯ ವಾರಂಟಿ ಪುಸ್ತಕವೇ ಕೊನೆಯ ಮಾತಲ್ಲ. ಇಷ್ಟು ದುಡ್ಡು ಕೊಟ್ಟ ಕಾರು ಇಷ್ಟು ಕಾಲ ಬಾಳಬೇಕು ಎಂಬ ಸಹಜ ನಿರೀಕ್ಷೆಗೂ ಕಾನೂನಿನ ಬಲವಿದೆ. ದೋಷ ದೊಡ್ಡದಾದರೆ ರಿಪೇರಿ ಸಾಕೋ, ಹಣ ವಾಪಸ್ ಬೇಕೋ, ಬೇರೆ ಕಾರು ಬೇಕೋ ಎಂದು ಆರಿಸುವ ಹಕ್ಕು ಕೊಂಡವನದು.

ನಮ್ಮಲ್ಲಿ? ಇಷ್ಟು ವರ್ಷ ವಾರಂಟಿ ಕೊಡಲೇಬೇಕು ಎಂಬ ಕನಿಷ್ಠ ಮಿತಿಯೇ ಕಾರಿಗಿಲ್ಲ. ಮಾರುತಿ 2024ರಲ್ಲಿ ವಾರಂಟಿಯನ್ನು ಎರಡು ವರ್ಷದಿಂದ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಏರಿಸಿದ್ದು ಒಳ್ಳೆಯದೇ, ಆದರೆ ಅದು ಕಾನೂನು ಹೇಳಿ ಮಾಡಿಸಿದ್ದಲ್ಲ. ಕ್ಲಚ್ ತೊಂದರೆಯ ಒಂದು ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಬರೆದಿರುವುದು ಕೆಟ್ಟ ಭಾಗವನ್ನು ಬದಲಿಸುವ ಮಾತು, ಕಾರನ್ನು ಬದಲಿಸುವ ಮಾತಲ್ಲ ಎಂದಿತು. ಕರಾರು ಹಾಗಿದ್ದಾಗ ತೀರ್ಪೂ ಹಾಗೇ ಬರುತ್ತದೆ. ತಯಾರಿಕೆಯಲ್ಲೇ ದೋಷವಿತ್ತು ಎಂದು ತಜ್ಞರ ವರದಿ ಸಮೇತ ತೋರಿಸುವ ಹೊರೆ ಸಾಮಾನ್ಯವಾಗಿ ಗಿರಾಕಿಯ ತಲೆಗೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದವರು ಗೇರ್‌ಬಾಕ್ಸ್ ಬಿಚ್ಚಿ ನೋಡಬಲ್ಲ ತಜ್ಞರನ್ನು ಎಲ್ಲಿಂದ ತರಬೇಕು? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ರೀಕಾಲ್ ಅಧಿಕಾರ ಪರಿಸರಕ್ಕೋ ಜನರಿಗೋ ಹಾನಿಯಾಗುವ ದೋಷಗಳಿಗಷ್ಟೆ. ಜೇಬಿಗೆ ಆಗುವ ಹಾನಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ವಾರಂಟಿ ಹೆಚ್ಚಿದರೆ ಕಾರಿನ ಬೆಲೆ ಏರುತ್ತದೆ ಎಂದು ಕಂಪನಿಗಳು ಹೇಳಬಹುದು. ಏರಲಿ. ಈಗಲೂ ಆ ಖರ್ಚನ್ನು ಯಾರೋ ಭರಿಸುತ್ತಲೇ ಇದ್ದಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುವ ಬದಲು, ದೋಷವಿರುವ ಕಾರು ಪಾಲಿಗೆ ಬಂದ ಒಬ್ಬರೇ ಲಕ್ಷಗಟ್ಟಲೆ ತೆರುತ್ತಿದ್ದಾರೆ. ಚೀನಾದ ಮಾದರಿಯ ಕನಿಷ್ಠ ಮಿತಿಯೊಂದನ್ನು ಕೇಂದ್ರ ಸರ್ಕಾರ ಇಲ್ಲಿ ತಂದರೆ ಯಾವ ಕಂಪನಿಯೂ ಮುಳುಗುವುದಿಲ್ಲ.

ಅಲ್ಲಿಯವರೆಗೆ, ಆಟೊಮ್ಯಾಟಿಕ್ ಕಾರು ಬುಕ್ ಮಾಡುವವರು ವಾರಂಟಿ ಪುಸ್ತಕದಲ್ಲಿ ಸವೆಯುವ ಭಾಗಗಳ ಪಟ್ಟಿಯನ್ನು ಮೊದಲು ಓದಲಿ. ಬ್ರೇಕ್ ಪ್ಯಾಡ್, ವೈಪರ್ ಜೊತೆಗೆ ಅಲ್ಲಿ ಕ್ಲಚ್ಚೂ ಇರುವುದುಂಟು. ಪೆಡಲ್ ಇಲ್ಲದ ಕಾರಿನ ಕ್ಲಚ್ ಆ ಪಟ್ಟಿಗೆ ಸೇರುತ್ತದೋ, ಗೇರ್‌ಬಾಕ್ಸಿನ ಭಾಗವೋ ಎಂದು ಕೇಳಿ, ಮುಂಗಡ ಕೊಡುವ ಮೊದಲೇ ಡೀಲರ್ ಕೈಯಲ್ಲಿ ಸೀಲು ಸಹಿ ಹಾಕಿಸಿಕೊಳ್ಳಬೇಕು.