ಬಸ್ಸು ಕೇಳಿದವರು

ಹಾಸ್ಟೆಲ್ಲಿನ ಗೆಳೆಯರೆ,

'ಓದೋನು ಎಲ್ಲಿದ್ರೂ ಓದ್ತಾನೆ ಕಣಯ್ಯ, ಶಾಲೆ ಏನು ಮಾಡ್ತದೆ' ಎಂದು ಬುದ್ಧಿ ಹೇಳುವ ದೊಡ್ಡ ಮನುಷ್ಯರನ್ನು ನಾವೆಲ್ಲ ಕಂಡಿದ್ದೇವೆ. ನಿಮ್ಮ ಮಕ್ಕಳು ಎಲ್ಲಿ ಓದ್ತಾವೆ ಸ್ವಾಮಿ ಎಂದರೆ ಮಾತು ಮಳೆ ಬೆಳೆಗೆ ತಿರುಗುತ್ತದೆ. ಇವರಿಗಾಗಿಯೇ ಈ ಸಲ ನಾವು ಅಮೆರಿಕದ ಒಂದು ಹಳ್ಳಿಗಾಡಿನ ಲೆಕ್ಕ ತಂದಿದ್ದೇವೆ.

ದಕ್ಷಿಣ ಕ್ಯಾರೊಲಿನಾ ರಾಜ್ಯದ ಕ್ಲಾರೆಂಡನ್ ಕೌಂಟಿ. ಹತ್ತಿ ಬೆಳೆಯುವ ಸೀಮೆ. ಭೂಮಿ ಬಹುಪಾಲು ಬಿಳಿಯರದು, ಬೆವರು ಕರಿಯರದು. ಸರ್ಕಾರಿ ಶಾಲೆಗಳಲ್ಲೇ ಎರಡು ಜಾತಿ. 61 ಶಾಲೆಗಳಲ್ಲಿ 6,531 ಕರಿಯ ಮಕ್ಕಳು. ಆ 61 ಶಾಲೆಗಳ ಒಟ್ಟು ಬೆಲೆ 1,94,575 ಡಾಲರ್. 12 ಶಾಲೆಗಳಲ್ಲಿ 2,375 ಬಿಳಿಯ ಮಕ್ಕಳು; ಅವುಗಳ ಬೆಲೆ 6,73,850 ಡಾಲರ್. 1949-50ರಲ್ಲಿ ಒಂದು ಬಿಳಿ ಮಗುವಿನ ಮೇಲೆ 179 ಡಾಲರ್ ಖರ್ಚು, ಒಂದು ಕರಿ ಮಗುವಿನ ಮೇಲೆ 43. ಬಿಳಿಯ ಮಕ್ಕಳಿಗೆ 30 ಬಸ್ಸು. ಕರಿಯ ಮಕ್ಕಳಿಗೆ ಒಂದೂ ಇಲ್ಲ. ಒಂಬತ್ತು ಮೈಲಿ ನಡೆದು ಬರುವ ಮಕ್ಕಳಿದ್ದರು.

ಹೊವಾರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ವೈಟ್‌ಹೆಡ್ ಎಂಬ ಅಧ್ಯಾಪಕರು ಅಲ್ಲಿನ ಸಮ್ಮರ್ಟನ್ ಸುತ್ತಿನ ಶಾಲೆಗಳನ್ನು ಹೊಕ್ಕು ನೋಡಿ ಬರೆದುಕೊಂಡರು. ಬಿಳಿಯರ ಶಾಲೆಯಲ್ಲಿ 28 ಮಕ್ಕಳಿಗೊಬ್ಬ ಮೇಷ್ಟ್ರು, ಕರಿಯರದರಲ್ಲಿ 47 ಮಕ್ಕಳಿಗೊಬ್ಬ. ಕರಿಯರ ಒಂದು ಶಾಲೆಗೆ ನಲ್ಲಿ ಇಲ್ಲ, ಇನ್ನೊಂದಕ್ಕೆ ಕರೆಂಟಿಲ್ಲ. ಕಕ್ಕಸು ಹೊರಗೆ, ಗುಂಡಿಯದು, ಅದೂ ಸಾಲದು. ಇದನ್ನು ಓದುವಾಗ ನಮಗೆ ಬಾಬಾಸಾಹೇಬರ ಗೋಣಿತಟ್ಟು ನೆನಪಾಯಿತು. ಅದನ್ನು ಶಾಲೆಯ ಜವಾನನೂ ಮುಟ್ಟುತ್ತಿರಲಿಲ್ಲ, ದಿನಾ ಮನೆಗೆ ಹೊತ್ತುಕೊಂಡು ಹೋಗಬೇಕಿತ್ತು. ಅದೇ ಬಾಬಾಸಾಹೇಬರು 1946ರಲ್ಲಿ ಕರಿಯರ ನಾಯಕ ಡು ಬಾಯ್ಸ್‌ಗೆ ಕಾಗದ ಬರೆದರು. ಸುಮ್ಮನೆ ಬರೆದರೆ?

ಕ್ಲಾರೆಂಡನ್ನಿನವರು ಮೊದಲು ಕೇಳಿದ್ದು ಒಂದೇ ಒಂದು ಬಸ್ಸು. ಜೋಸೆಫ್ ಡಿಲೇನ್ ಎಂಬ ಪಾದ್ರಿ, ಆತ ಮೇಷ್ಟ್ರೂ ಹೌದು, ಹೋಗಿ ಕೇಳಿದಾಗ ಬಂದ ಉತ್ತರ: ನೀವು ಕಟ್ಟುವ ತೆರಿಗೆ ಎಷ್ಟು, ನಿಮಗೆ ಬಸ್ಸು ಬೇರೆ ಕೇಡು! 'ನಮ್ಮ ತೆರಿಗೆ ದುಡ್ಡಲ್ಲಿ ಹಾಸ್ಟೆಲ್ ಊಟ ಮಾಡ್ತಾರೆ' ಎಂದು ನಮ್ಮ ಬೆನ್ನ ಹಿಂದೆ ಆಡುವ ಮಾತಿಗೂ ಇದಕ್ಕೂ ಒಂದೇ ಅವ್ವ. ಅಪ್ಪ ಅವ್ವಂದಿರು ಕಾಸು ಕೂಡಿಸಿ ಹಳೇ ಬಸ್ಸೊಂದನ್ನು ಕೊಂಡರು. ಅದು ದಾರಿಯಲ್ಲೇ ಕೆಟ್ಟು ಕೂರುತ್ತಿತ್ತು. ಲೀವೈ ಪಿಯರ್ಸನ್ ಎಂಬ ರೈತ 1947ರಲ್ಲಿ ಅರ್ಜಿ ಹಾಕಿದ; ನಿನ್ನ ತೆರಿಗೆ ಈ ಶಾಲಾ ವಲಯಕ್ಕೆ ಸೇರಿದ್ದಲ್ಲ ಎಂದು 1948ರಲ್ಲಿ ಅದು ಬಿತ್ತು. ಊರಲ್ಲಿ ಅವನಿಗೆ ಸಾಲ ಹುಟ್ಟಲಿಲ್ಲ.

1949ರಲ್ಲಿ ಹ್ಯಾರಿ ಬ್ರಿಗ್ಸ್, ಎಲೈಜಾ ಬ್ರಿಗ್ಸ್ ಮತ್ತು ಜೊತೆಯವರು ಮತ್ತೆ ಅರ್ಜಿಗೆ ರುಜು ಹಾಕಿದರು. ಹ್ಯಾರಿಗೆ ಪೆಟ್ರೋಲ್ ಬಂಕಿನ ಕೆಲಸ ಹೋಯಿತು, ಎಲೈಜಾಗೂ ಕೆಲಸ ಹೋಯಿತು. ಡಿಲೇನರ ಮನೆ ಸುಟ್ಟಿತು. ಬಹಿಷ್ಕಾರ ಅಂದರೆ ಏನೆಂದು ಕೇರಿಯಲ್ಲಿ ಹುಟ್ಟಿದ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಈಗ ಕಿವಿಗೊಟ್ಟು ಕೇಳಿ. 1951ರಲ್ಲಿ ಚಾರ್ಲ್ಸ್‌ಟನ್ ಕೋರ್ಟಿನಲ್ಲಿ ವಾದ ಶುರುವಾದ ಗಳಿಗೆಯಲ್ಲೇ ಸರ್ಕಾರದ ಕಡೆಯ ವಕೀಲ ಎದ್ದು ನಿಂತು, ಹೌದು, ಶಾಲೆಗಳು ಸಮ ಇಲ್ಲ, ಕಾಲಾವಕಾಶ ಕೊಡಿ, ಸರಿ ಮಾಡುತ್ತೇವೆ ಎಂದ. ಎಷ್ಟು ಒಳ್ಳೆಯವನು! ಕಟ್ಟಡ ಕೊಡೋಣ, ನಲ್ಲಿ ಕೊಡೋಣ, ಬೇಕಾದರೆ ಬಸ್ಸೂ ಕೊಡೋಣ, ಪಕ್ಕದಲ್ಲಿ ಮಾತ್ರ ಕೂರಿಸಬೇಡಿ. ಸುಣ್ಣ ಬಣ್ಣದ ರಾಜಕೀಯ ಇದು. ಮೂವರು ಜಡ್ಜುಗಳಲ್ಲಿ ಇಬ್ಬರು ಒಪ್ಪಿಯೂಬಿಟ್ಟರು. ವೇರಿಂಗ್ ಎಂಬ ಒಬ್ಬರೇ ಬಿಳಿಯ ಜಡ್ಜು, ಬೇರೆ ಕೂರಿಸುವುದೇ ಅಸಮಾನತೆ ಎಂದು ಬರೆದರು. ಕೆನೆತ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿನ 16 ಕರಿಯ ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟಿದ್ದರು. ಹೆಚ್ಚಿನ ಮಕ್ಕಳು ತಮ್ಮ ಬಣ್ಣದ ಗೊಂಬೆಯನ್ನೇ ಕೆಟ್ಟದ್ದು ಅಂದವು. ಗೆಳೆಯರೆ, ಹೊಸ ಕಟ್ಟಡ ಇದನ್ನು ರಿಪೇರಿ ಮಾಡುತ್ತದೆಯೇ? ಬ್ರೌನ್ ಮೊಕದ್ದಮೆಯ ಜೊತೆ ಸೇರಿ 1954ರ ಮೇ 17ರಂದು ಸುಪ್ರೀಂ ಕೋರ್ಟು ಬೇರೆ ಶಾಲೆ ಕೂಡದೆಂದಿತು.

ಗೆದ್ದರಾ? ಸಮ್ಮರ್ಟನ್ನಿನ ಶಾಲೆಗಳಿಗೆ ಕರಿಯ ಮಕ್ಕಳು ಕಾಲಿಡಲು 1965 ಆಯಿತು. ಅಷ್ಟರಲ್ಲಿ ಬಿಳಿಯರು ತಮ್ಮದೇ ಖಾಸಗಿ ಶಾಲೆ ಕಟ್ಟಿಕೊಂಡು ಅತ್ತ ಹೊರಟರು. ಸರ್ಕಾರಿ ಶಾಲೆಯಲ್ಲಿ ಉಳಿದವರು ಹೆಚ್ಚುಕಮ್ಮಿ ಕರಿಯ ಮಕ್ಕಳೇ.

ಇದು ಯಾವೂರ ಕತೆ ಅನ್ನಿಸುತ್ತದೆ ಹೇಳಿ? ನಮ್ಮೂರಲ್ಲಿ ಬೆಳಿಗ್ಗೆ ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಬರುತ್ತದೆ. ಮೇಲಿನ ಬೀದಿಯಲ್ಲಿ ನಿಲ್ಲುತ್ತದೆ, ತುಂಬಿಕೊಂಡು ಹೋಗುತ್ತದೆ. ಕೇರಿಯ ಮಕ್ಕಳು ಸರ್ಕಾರಿ ಶಾಲೆಗೆ ನಡೆಯುತ್ತವೆ. ಇಲ್ಲಿ ಬೋರ್ಡು ಹಾಕಿ ಯಾರೂ ಬೇರೆ ಮಾಡಿಲ್ಲ, ಫೀಸು ಮಾಡಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಯಲ್ಲಿ ಶೇಕಡ 25 ಸೀಟು ನಮ್ಮಂಥವರಿಗೂ ಬಡವರಿಗೂ ಎಂದಿತ್ತು. 2018ರ ಕೊನೆಗೆ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದಿತು. ಸರ್ಕಾರಿ ಶಾಲೆ ಉಳಿಸಲಿಕ್ಕೆ ಅಂತೆ! ಉಳಿಸುವ ಭಾರವೂ ಕೇರಿಯ ಮಕ್ಕಳ ಬೆನ್ನಿಗೇ. ವ್ಯಾನು ಹತ್ತಿದವರನ್ನು ಇಳಿಸಿ ಅದೇ ಬೆಂಚಿಗೆ ಕರೆತರುವ ಮಾತು ಯಾರ ಬಾಯಲ್ಲೂ ಇಲ್ಲ.

ರಜೆಗೆ ಊರಿಗೆ ಹೋಗುತ್ತೀರಲ್ಲ, ವೈಟ್‌ಹೆಡ್ ಮೇಷ್ಟ್ರ ಹಾಗೆ ಒಂದು ನೋಟ್‌ಬುಕ್ ಹಿಡಿಯಿರಿ. ಶಾಲೆಗೆ ಎಷ್ಟು ಮೇಷ್ಟ್ರು, ನಲ್ಲಿಯಲ್ಲಿ ನೀರಿದೆಯೇ, ಕಕ್ಕಸಿನ ಬಾಗಿಲಿಗೆ ಬೀಗವೇ, ಮಕ್ಕಳು ಯಾವ ಕೇರಿಯವು, ವ್ಯಾನು ಹತ್ತಿದವರು ಯಾವ ಬೀದಿಯವರು. ಬರೆದು ಮುಂದಿನ ಸಭೆಗೆ ತನ್ನಿ. ಅರ್ಜಿ ನಾವು ಬರೆಯುತ್ತೇವೆ, ರುಜು ನಿಮ್ಮ ಅವ್ವಂದಿರದ್ದು ಇರಲಿ.