ಗಾಳಿಪಂಪು ಕೊಳ್ಳುವ ಮುನ್ನ

ಸೈಕಲ್ಲಿಗೆ ಕೈಪಂಪಿನಿಂದ ಗಾಳಿ ಹೊಡೆದ ಹುಡುಗರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಮೂವತ್ತು ನಲವತ್ತು ಸಲ ಒತ್ತುವಷ್ಟರಲ್ಲಿ ಪಂಪಿನ ಬುಡ ಬಿಸಿಯಾಗಿರುತ್ತದೆ. ಇದು ತಿಕ್ಕಾಟದ ಬಿಸಿ ಎಂದು ಅನೇಕರು ತಿಳಿಯುತ್ತಾರೆ. ತಿಕ್ಕಾಟದ ಪಾಲು ಸ್ವಲ್ಪವೇ. ಹರಡಿಕೊಂಡಿದ್ದ ಗಾಳಿಯನ್ನು ಇಕ್ಕಟ್ಟಾದ ಜಾಗಕ್ಕೆ ಒತ್ತಲು ತೋಳು ಮಾಡಿದ ಕೆಲಸವೇ ಮುಖ್ಯವಾಗಿ ಗಾಳಿಯ ಉಷ್ಣವಾಗಿ ಹೊರಬೀಳುತ್ತದೆ. ಅಂಗಡಿಯಲ್ಲಿ ಗಾಳಿಪಂಪು ಆರಿಸುವಾಗ ನೆನಪಿಡಬೇಕಾದ ಮೊದಲ ಸಂಗತಿ ಇದೇ.

ಅಮೆರಿಕದಲ್ಲಿ ಈ ಆಯ್ಕೆ ಸಾವಿರಾರು ಕುಟುಂಬಗಳಿಗೆ ಎದುರಾಗುತ್ತದೆ. ಅಲ್ಲಿ ಆರ್.ವಿ. ಎಂದು ಕರೆಯುವ ಮನೆಗಾಡಿಗಳು ಬಹಳ ಜನಪ್ರಿಯ. ಮಲಗುವ ಮಂಚ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಚಕ್ರಗಳ ಮೇಲೆ. ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್ ನೋಡಲು ಜನ ಇವುಗಳಲ್ಲಿ ಹೊರಡುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರೂ ಇವನ್ನು ಬಾಡಿಗೆಗೆ ಪಡೆಯುವುದುಂಟು. ಮಧ್ಯಮ ಗಾತ್ರದ ಗಾಡಿ ಸಾಮಾನು ತುಂಬಿದಾಗ ಐದಾರು ಟನ್ ತೂಗುತ್ತದೆ. ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು, ಹೀಗೆ ಒಟ್ಟು ಆರು ಟೈರುಗಳು ಆ ಭಾರ ಹೊರುತ್ತವೆ. ಸಣ್ಣ ಕಾರಿನ ಟೈರಿಗೆ ಚದರ ಅಂಗುಲಕ್ಕೆ 30ರಿಂದ 35 ಪೌಂಡು ಒತ್ತಡ ಸಾಕು. ಇಂಥ ಗಾಡಿಗಳಿಗೆ ಅನೇಕ ವೇಳೆ 65ರಿಂದ 80 ಪೌಂಡು ಬೇಕು. ತೀರ ದೊಡ್ಡವಕ್ಕೆ 100 ಪೌಂಡೂ ದಾಟಬಹುದು.

ಗಾಳಿ ಕಡಿಮೆಯಾದರೆ ಏನಾಗುತ್ತದೆ? ಪ್ರತಿ ಸುತ್ತಿನಲ್ಲೂ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ. ಬಾಗಿ ಬಾಗಿ ರಬ್ಬರು ಕಾಯುತ್ತದೆ, ಒಳಗಿನ ಪದರಗಳ ಹಿಡಿತ ಸಡಿಲಗೊಳ್ಳುತ್ತದೆ. ಕೊನೆಗೊಮ್ಮೆ ಟೈರು ಸಿಡಿಯುತ್ತದೆ. ಮುಂದಿನ ಟೈರು ಹೀಗಾದರೆ ಐದು ಟನ್ನಿನ ಗಾಡಿಯನ್ನು ಹಿಡಿತದಲ್ಲಿಡುವುದು ಕಷ್ಟ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಬಂದ ಕಾನೂನಿನ ಫಲವಾಗಿ, 2007ರ ಸೆಪ್ಟೆಂಬರಿನಿಂದ ತಯಾರಾಗುವ ಕಾರುಗಳಲ್ಲಿ ಟೈರಿನ ಒತ್ತಡ ಇಳಿದರೆ ಎಚ್ಚರಿಸುವ ಸಾಧನ ಕಡ್ಡಾಯವಾಯಿತು. ಆದರೆ ಆ ನಿಯಮ ಸುಮಾರು 4,500 ಕಿಲೋಗ್ರಾಂವರೆಗಿನ ವಾಹನಗಳಿಗೆ ಮಾತ್ರ. ಜೋಡಿ ಚಕ್ರದ ಗಾಡಿಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಮನೆಗಾಡಿಯವರು ತಾವೇ ಒತ್ತಡ ನೋಡಿಕೊಳ್ಳಬೇಕು, ಪಂಪನ್ನೂ ಜೊತೆಗೆ ಒಯ್ಯಬೇಕು.

ಪಂಪಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು '150 ಪೌಂಡು' ಎಂಬಂಥ ಸಂಖ್ಯೆ. ತನಗೆ 80 ಸಾಕು, ಇದು 150 ಕೊಡುತ್ತದೆ ಎಂದು ಗಿರಾಕಿ ಸಮಾಧಾನಪಡುತ್ತಾನೆ. ಆದರೆ ಆ ಸಂಖ್ಯೆ ಹೇಳುವುದು ಪಂಪು ಮುಟ್ಟಬಲ್ಲ ಗರಿಷ್ಠ ಒತ್ತಡವನ್ನು ಮಾತ್ರ. ಅದು ಬಾವಿಯ ಆಳ ಹೇಳಿ ನೀರೆಷ್ಟಿದೆ ಎಂಬುದನ್ನು ಹೇಳದ ಹಾಗೆ. ಕೇಳಬೇಕಾದ ಪ್ರಶ್ನೆ ಬೇರೆ: 80 ಪೌಂಡಿನಲ್ಲಿ ಅದು ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಕೊಡುತ್ತದೆ?

ಲೆಕ್ಕ ಹಾಕಿ ನೋಡಿ. ಟೈರಿನೊಳಗಿನ ಜಾಗ 50 ಲೀಟರು ಎಂದುಕೊಳ್ಳಿ. ಒತ್ತಡವನ್ನು 65ರಿಂದ 80ಕ್ಕೆ, ಅಂದರೆ 15 ಪೌಂಡು ಏರಿಸಬೇಕು. ಕಡಲಮಟ್ಟದಲ್ಲಿ ವಾಯುಮಂಡಲದ ಒತ್ತಡ 14.7 ಪೌಂಡು. ಹಾಗಾದರೆ ಒಂದು ವಾಯುಮಂಡಲದಷ್ಟು ಒತ್ತಡ ಸೇರಿಸಿದಂತಾಯಿತು. ಬಾಯ್ಲನ ನಿಯಮದ ಪ್ರಕಾರ ಸುಮಾರು 50 ಲೀಟರು ಹೊರಗಾಳಿ ಒಳಹೋಗಬೇಕು. ಪಂಪಿನ ಮೇಲೆ 'ನಿಮಿಷಕ್ಕೆ 35 ಲೀಟರು' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಎದುರೊತ್ತಡ ಇಲ್ಲದಾಗಿನ ಮಾತು. ಒತ್ತಡ ಏರಿದಂತೆ, ಸಿಲಿಂಡರಿನ ತುದಿಯಲ್ಲಿ ಉಳಿದ ಗಾಳಿ ಮತ್ತೆ ಹಿಗ್ಗಿ ಹೊಸ ಗಾಳಿಯ ಜಾಗವನ್ನು ಕಬಳಿಸುತ್ತದೆ. ಹರಿವು ಅರ್ಧಕ್ಕೆ ಇಳಿಯಿತೆನ್ನಿ. ಒಂದು ಟೈರಿಗೆ ಮೂರು ನಿಮಿಷ, ಆರಕ್ಕೆ ಹದಿನೆಂಟು ನಿಮಿಷ.

ಇಲ್ಲಿ ಸೈಕಲ್ ಪಂಪಿನ ಬಿಸಿ ಮತ್ತೆ ಎದುರಾಗುತ್ತದೆ. ಮಾಪಕ 80 ಪೌಂಡು ತೋರಿಸುವಾಗ ಗಾಳಿಯ ನಿಜ ಒತ್ತಡ ಹೊರಗಿನದರ ಆರು ಪಟ್ಟಿಗೂ ಹೆಚ್ಚು. ಉಷ್ಣ ಹೊರಹೋಗಲು ಸಮಯವೇ ಸಿಗದಂತೆ ಅಷ್ಟು ಒತ್ತಿದರೆ, 27 ಡಿಗ್ರಿ ಸೆಲ್ಸಿಯಸ್ಸಿನ ಗಾಳಿ ಲೆಕ್ಕದ ಪ್ರಕಾರ 230 ಡಿಗ್ರಿ ದಾಟುತ್ತದೆ. ಸಣ್ಣ ಪಂಪಿನ ಸೀಲುಗಳೂ ಮೋಟಾರೂ ಇದನ್ನು ಬಹಳ ಹೊತ್ತು ತಾಳಲಾರವು. ಹೀಗಾಗಿ ಎಷ್ಟು ನಿಮಿಷ ಓಡಿಸಬಹುದು, ಎಷ್ಟು ನಿಮಿಷ ವಿಶ್ರಾಂತಿ ಕೊಡಬೇಕು ಎಂದು ತಯಾರಕರು ಸೂಚಿಸಿರುತ್ತಾರೆ. ಹತ್ತು ನಿಮಿಷ ಓಟ, ಇಪ್ಪತ್ತು ನಿಮಿಷ ವಿಶ್ರಾಂತಿ ಎಂದಿದ್ದರೆ ಮೂರು ಟೈರು ಮುಗಿಸಿ ಕಾಯಬೇಕು. ಚಿಕ್ಕ ಅಕ್ಷರದ ಈ ಸಾಲು ದಪ್ಪಕ್ಷರದ ಸಂಖ್ಯೆಗಿಂತ ಮುಖ್ಯ.

ಮುಂದಿನದು ವಿದ್ಯುತ್ತು. ಗಾಡಿಯ 12 ವೋಲ್ಟಿನ ಸಾಕೆಟ್ಟಿಗೆ 15 ಆಂಪಿಯರಿನ ಫ್ಯೂಸಿದ್ದರೆ ಸಿಗುವ ಸಾಮರ್ಥ್ಯ 180 ವಾಟ್ ಮಾತ್ರ. 30 ಆಂಪಿಯರ್ ಎಳೆಯುವ ಪಂಪನ್ನು ಅಲ್ಲಿಗೆ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ. ಅಂಥದನ್ನು ಕ್ಲಿಪ್ಪುಗಳಿಂದ ನೇರವಾಗಿ ಬ್ಯಾಟರಿಗೇ ಜೋಡಿಸಬೇಕು. ಎಂಟು ಮೀಟರು ಉದ್ದದ ಗಾಡಿಯ ಹಿಂದಿನ ಚಕ್ರ ಮುಟ್ಟಲು ಕೆಲವರು ತಂತಿಯನ್ನು ಉದ್ದ ಮಾಡುತ್ತಾರೆ. ಇದು ತಪ್ಪು. ಉದ್ದದ ತೆಳು ತಂತಿಯ ರೋಧದಲ್ಲಿ ವೋಲ್ಟೇಜು ಕಳೆದುಹೋಗುತ್ತದೆ, ತಂತಿಯೂ ಬಿಸಿಯಾಗುತ್ತದೆ. ತಂತಿಯ ಬದಲು ಗಾಳಿಯ ಕೊಳವೆಯನ್ನೇ ಉದ್ದ ಇಟ್ಟುಕೊಳ್ಳುವುದು ಲೇಸು. ಜೋಡಿ ಚಕ್ರಗಳಲ್ಲಿ ಒಳಗಿನದರ ವಾಲ್ವಿಗೆ ಕೈ ಎಟುಕುವುದು ಕಷ್ಟ. ಅದಕ್ಕೆ ಹೊಂದುವ ಬಾಗಿದ ಮೂತಿ ಇದೆಯೇ ಎಂದೂ ನೋಡಬೇಕು. ಪಂಪು ನಡೆಯುವಾಗ ಎಂಜಿನ್ ಚಾಲೂ ಇದ್ದರೆ ಬ್ಯಾಟರಿಗೆ ಒಳ್ಳೆಯದು. ಆದರೆ ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಹಾಗೆ ಮಾಡಬಾರದು; ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಪಂಪು ಚೆನ್ನಾಗಿದ್ದರೆ ಸಾಲದು, ಯಾವಾಗ ಬಳಸಬೇಕೆಂಬುದೂ ತಿಳಿದಿರಬೇಕು. ಕಡಲಮಟ್ಟದ ಊರಿನಲ್ಲಿ 37 ಡಿಗ್ರಿ ಸೆಕೆಯಲ್ಲಿ 80 ಪೌಂಡು ತುಂಬಿಸಿದ ಗಾಡಿ, ಸುಮಾರು 2,400 ಮೀಟರು ಎತ್ತರದ ಯೆಲ್ಲೋಸ್ಟೋನಿನಲ್ಲಿ 2 ಡಿಗ್ರಿ ಚಳಿಯ ಮುಂಜಾನೆ ನಿಂತಿದೆ ಎನ್ನಿ. ಚಳಿಯಿಂದಾಗಿ ಒತ್ತಡ 11 ಪೌಂಡಿನಷ್ಟು ಇಳಿಯುತ್ತದೆ. ಎತ್ತರದಲ್ಲಿ ಹೊರಗಾಳಿ ತೆಳುವಾದ್ದರಿಂದ ಮಾಪಕದಲ್ಲಿ ನಾಲ್ಕು ಪೌಂಡು ಮರಳಿ ಬರುತ್ತದೆ. ಕೊನೆಗೆ ಕಾಣುವುದು ಸುಮಾರು 73. ಟೈರು ತೂತಾಗಿಲ್ಲ, ಭೌತಶಾಸ್ತ್ರ ತನ್ನ ಕೆಲಸ ಮಾಡಿದೆ ಅಷ್ಟೆ. ಆ ತೆಳುಗಾಳಿಯಲ್ಲಿ ಪಂಪಿಗೂ ಪ್ರತಿ ಸಲ ಮುಕ್ಕಾಲು ಪಾಲು ಗಾಳಿಯೇ ಸಿಗುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ.

ಒತ್ತಡವನ್ನು ಅಳೆಯಬೇಕಾದದ್ದು ಗಾಡಿ ಕನಿಷ್ಠ ಮೂರು ಗಂಟೆ ನಿಂತು ಟೈರು ತಣಿದ ಮೇಲೆ. ಓಡಿ ಬಂದ ಟೈರಿನ ಒತ್ತಡ ಏರಿರುವುದು ಸಹಜ. ಹೆಚ್ಚಾಯಿತೆಂದು ಆಗ ಗಾಳಿ ಬಿಡಬಾರದು. ಎಷ್ಟಿರಬೇಕು ಎಂಬುದನ್ನು ಗಾಡಿಯ ಮೇಲೆ ತಯಾರಕರು ಅಂಟಿಸಿದ ಚೀಟಿಯಲ್ಲಿ ನೋಡಬೇಕು. ಒತ್ತಡ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದಾಗಲೇ ಓಡಿದ ಟೈರಿಗೆ ಹಾಗೇ ಗಾಳಿ ತುಂಬುವುದು ಅಪಾಯ. ಅದನ್ನು ಬಿಚ್ಚಿ, ಬಲ್ಲವರು ಒಳಗೆ ಪರೀಕ್ಷಿಸಬೇಕು.

ಇಂಥದೇ 12 ವೋಲ್ಟಿನ ಪಂಪುಗಳು ಕಾರುಗಳಿಗಾಗಿ ನಮ್ಮ ಊರುಗಳಲ್ಲೂ ಸಿಗುತ್ತವೆ. ಕಾರಿಗೆ ಬೇಕಾದ ಒತ್ತಡ ಕಡಿಮೆ, ಪ್ರಶ್ನೆಗಳು ಮಾತ್ರ ಅವೇ. ಕಾರಿರುವ ಮನೆಯ ಮಕ್ಕಳು ಹಿರಿಯರ ಜೊತೆ ಒಂದು ಪ್ರಯೋಗ ಮಾಡಬಹುದು. ಬೆಳಿಗ್ಗೆ ಹೊರಡುವ ಮುನ್ನ ಟೈರಿನ ಒತ್ತಡ ಬರೆದಿಟ್ಟು, ಮೂವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೆ ಅಳೆಯಲಿ. ಎರಡು ಸಂಖ್ಯೆಗಳ ವ್ಯತ್ಯಾಸದಿಂದ ಟೈರಿನೊಳಗಿನ ಗಾಳಿಯ ಉಷ್ಣತೆ ಎಷ್ಟು ಏರಿತೆಂದು ಲೆಕ್ಕ ಹಾಕಲಿ. ಮಾಪಕದ ಅಂಕಿಗೆ 14.7 ಕೂಡಿಸಲು ಮರೆತರೆ ಉತ್ತರ ತಪ್ಪುತ್ತದೆ.