ಕುಂಭಕರ್ಣನ ನಿದ್ರೆಯೇ?

“ನಮ್ಮ ಮಗು ಮಲಗಿತೆಂದರೆ ಮುಗಿಯಿತು, ಕಿವಿಯ ಬಳಿ ನಗಾರಿ ಬಾರಿಸಿದರೂ ಏಳುವುದಿಲ್ಲ” ಎಂದು ತಾಯಂದಿರು ಹೇಳಿಕೊಳ್ಳುವುದುಂಟು. ಆ ಮಾತಿನಲ್ಲಿ ಅರ್ಧ ದೂರು, ಅರ್ಧ ಹೆಮ್ಮೆ. ಕುಂಭಕರ್ಣನನ್ನು ಎಬ್ಬಿಸಲು ರಾವಣನ ಭಟರು ಭೇರಿ ಶಂಖಗಳನ್ನು ಮೊಳಗಿಸಿ, ಕೊನೆಗೆ ಆನೆಗಳನ್ನೇ ಅವನ ಮೈಮೇಲೆ ಓಡಿಸಿದ ಕಥೆಯನ್ನು ಅಜ್ಜಿ ನೆನಪಿಸುತ್ತಾಳೆ, ಮನೆಮಂದಿಯೆಲ್ಲ ನಗುತ್ತಾರೆ. ಗಾಢನಿದ್ರೆ ಬಾಲ್ಯದ ಭಾಗ್ಯವೆಂಬುದು ನಿಜ. ಆದರೆ ನಿದ್ರೆಯಂತೆ ತೋರುವುದೆಲ್ಲ ವಿಶ್ರಾಂತಿಯಲ್ಲ.

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಇರುಳಿನ ಸದ್ದುಗಳಿಗೆ ಒಂದೊಂದು ಅರ್ಥವಿದೆ. ಕೃಷ್ಣರಾಜನಗರದಲ್ಲಿ ಹಾಸನದ ಹಾದಿಯ ರೈಲು ಕೂಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಲ್ಲಿ ಹೊಗೆಸೊಪ್ಪನ್ನು ಹದಮಾಡುವ ಕಾಲಕ್ಕೆ ಬ್ಯಾರನ್ನಿನ ಒಲೆ ಹಗಲಿರುಳು ಉರಿಯುತ್ತದೆ. ಸೌದೆ ಒಡ್ಡುವವರ ಮಾತು ನಡುರಾತ್ರಿಯಲ್ಲೂ ಕೇಳುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಆನೆ ಹೊಲಕ್ಕಿಳಿದರೆ ಕೂಗು, ತಗಡಿನ ಬಡಿತ, ಪಟಾಕಿ. ಮಕ್ಕಳು ಇವೆಲ್ಲದರ ನಡುವೆ ನಿದ್ರಿಸುತ್ತಾರೆ. ನಿತ್ಯ ಕೇಳುವ, ಕೇಡಿಲ್ಲದ ಸದ್ದನ್ನು ಮಿದುಳು ಕಡೆಗಣಿಸಲು ಕಲಿತುಬಿಡುತ್ತದೆ. ಆದರೆ ಬ್ಯಾರನ್ನಿಗೆ ಬೆಂಕಿ ತಗುಲಿದ ರಾತ್ರಿ, ಆನೆ ಅಂಗಳದಲ್ಲಿ ನಿಂತ ರಾತ್ರಿ, ಎಚ್ಚರವೇ ರಕ್ಷೆ.

ಆರೋಗ್ಯವಂತ ಮಕ್ಕಳೂ ಸುಲಭವಾಗಿ ಏಳುವುದಿಲ್ಲವೆಂಬುದನ್ನು ಅಮೆರಿಕದ ಓಹಿಯೋದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಆರರಿಂದ ಹನ್ನೆರಡು ವರ್ಷದ 24 ಮಕ್ಕಳು ನಿದ್ರಿಸುತ್ತಿದ್ದಾಗ ಬೆಂಕಿಯ ಎಚ್ಚರಿಕೆಯ ಗಂಟೆಯನ್ನು ಮೊಳಗಿಸಲಾಯಿತು. ಎದ್ದವರು 14 ಮಂದಿ ಮಾತ್ರ. ಹೆಸರು ಹಿಡಿದು ಕರೆಯುವ ತಾಯಿಯ ಧ್ವನಿಯನ್ನು ಕೇಳಿಸಿದಾಗ 23 ಮಂದಿ ಎದ್ದರು. ಯಂತ್ರದ ಕಿರಿಚಾಟಕ್ಕಿಂತ ಹೆತ್ತವಳ ಕರೆ ಮಗುವಿನ ನಿದ್ರೆಯೊಳಕ್ಕೆ ಹೆಚ್ಚು ದೂರ ಹೋಗುತ್ತದೆ.

ಹಾಗಾದರೆ ಆತಂಕವೆಲ್ಲಿ? ಮೂಗಿನ ಹಿಂಭಾಗದಲ್ಲಿ ಅಡಿನಾಯ್ಡ್, ಗಂಟಲಿನಲ್ಲಿ ಟಾನ್ಸಿಲ್ ಎಂಬ ಗ್ರಂಥಿಗಳಿವೆ. ಎಳೆಯ ವಯಸ್ಸಿನಲ್ಲಿ ಇವು ಊದಿಕೊಂಡಿದ್ದರೆ, ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡೊಡನೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಏರಿಳಿಯುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ತಗ್ಗುತ್ತದೆ. ಕೊನೆಗೆ ಮಗು ಗೊರ್ರೆಂದು ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತದೆ. ಇದಕ್ಕೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ವಯಸ್ಕರಲ್ಲಿ ಗಂಟೆಗೆ ಐದು ಸಲ ಹೀಗಾದರೆ ರೋಗವೆಂದು ಎಣಿಸುವರು. ಮಕ್ಕಳಲ್ಲಿ ಒಂದು ಸಲಕ್ಕಿಂತ ಹೆಚ್ಚಾದರೂ ಅದು ಸಹಜವಲ್ಲ.

ವಿಚಿತ್ರವೆಂದರೆ, ಉಸಿರು ಕಟ್ಟಿದರೂ ಇಂಥ ಮಗು ಪೂರ್ತಿ ಎಚ್ಚರಗೊಳ್ಳುವುದು ಅಪರೂಪ. ಉಸಿರಿನ ತಡೆಗೆ ಅದರ ಎಚ್ಚರ ಮಂದವಾಗಿರುತ್ತದೆ. ಹೊರಗಿನ ಶಬ್ದಕ್ಕೂ ಹಾಗೆಯೇ ಮಂದವಾಗಿರಬಹುದೆಂದು ಪರೀಕ್ಷೆಗಳು ಸೂಚಿಸಿವೆ. ಊರ ಕಾವಲುಗಾರ ರಾತ್ರಿಯೆಲ್ಲ ಸುಳ್ಳು ಕರೆಗಳಿಗೆ ಓಡಿ ಬಳಲಿದರೆ ನಿಜವಾದ ಕೂಗಿಗೆ ತಡವಾಗಿ ಏಳುವಂತೆ ಇದು. ಇನ್ನೂ ಒಂದು ಕಾರಣವುಂಟು: ಊದಿದ ಅಡಿನಾಯ್ಡ್ ಕಿವಿಗೆ ಹೋಗುವ ನಾಳವನ್ನು ಒತ್ತಿದರೆ ಮಧ್ಯಕಿವಿಯಲ್ಲಿ ದ್ರವ ನಿಂತು ಕೇಳುವ ಶಕ್ತಿಯೇ ಕುಂದಬಹುದು.

ಆದುದರಿಂದ, ಮಗು ಯಾವ ಸದ್ದಿಗೆ ಏಳುವುದಿಲ್ಲವೆಂದು ಲೆಕ್ಕ ಹಾಕುವುದಕ್ಕಿಂತ, ಮಲಗಿದಾಗ ಮಗುವೇ ಯಾವ ಸದ್ದು ಮಾಡುತ್ತದೆಂದು ಕಿವಿಗೊಡುವುದು ಮೇಲು. ನೆಗಡಿಯಿಲ್ಲದ ದಿನಗಳಲ್ಲೂ ಗೊರಕೆ, ನಡುನಡುವೆ ಉಸಿರು ನಿಂತ ಮೌನ, ತೆರೆದ ಬಾಯಿ, ಹಿಂದಕ್ಕೆ ಚಾಚಿದ ಕತ್ತು, ಬೆವರು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು: ಇವು ಸುಳಿವುಗಳು. ಇಂಥ ಮಗು ಹಗಲಿನಲ್ಲಿ ತೂಕಡಿಸುವ ಬದಲು ಚಡಪಡಿಸುವುದೇ ಹೆಚ್ಚು. ಪಾಠದಲ್ಲಿ ಮನಸ್ಸು ನಿಲ್ಲದು. ಉಪಾಧ್ಯಾಯರು ತುಂಟನೆನ್ನುತ್ತಾರೆ, ತಂದೆ ಸೋಮಾರಿಯೆನ್ನುತ್ತಾನೆ; ಪೆಟ್ಟು ಬೀಳುವುದು ಉಸಿರಿಗಾಗಿ ರಾತ್ರಿಯೆಲ್ಲ ಹೆಣಗಿದ ಬೆನ್ನಿನ ಮೇಲೆ.

ಮೊಬೈಲಿನಲ್ಲಿ ಮಗುವಿನ ನಿದ್ರೆಯನ್ನು ಕೆಲವು ನಿಮಿಷ ಚಿತ್ರಿಸಿ ವೈದ್ಯರಿಗೆ ತೋರಿಸುವುದು ಒಳ್ಳೆಯ ಆರಂಭ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಿಗೆ ಬಂದಾಗಲೂ ಹೇಳಬಹುದು. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಿದ್ದಾರೆ. ಶ್ರವಣಪರೀಕ್ಷೆಗೆ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಅದೇ ನಗರದಲ್ಲಿದೆ. ವೈದ್ಯರನ್ನು ಕೇಳದೆ ನಿದ್ರೆ ಬರಿಸುವ ಸಿರಪ್ಪನ್ನು ಕುಡಿಸುವುದು ಸಲ್ಲದು. ಬೀಡಿ ಸಿಗರೇಟುಗಳ ಹೊಗೆ ಮಗು ಮಲಗುವ ಕೋಣೆಗೆ ಬರಬಾರದು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಐದರಿಂದ ಒಂಬತ್ತು ವರ್ಷದ 464 ಮಕ್ಕಳಿದ್ದರು. ಏಳು ತಿಂಗಳ ಬಳಿಕ, ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಶೇಕಡ 79 ಮಂದಿಯ ನಿದ್ರಾಪರೀಕ್ಷೆ ಸರಿಹೋಯಿತು. ಕಾದುನೋಡಿದವರಲ್ಲೂ ಶೇಕಡ 46 ಮಂದಿಗೆ ತಾನಾಗಿ ಸರಿಹೋಯಿತು. ಯಾರಿಗೆ ಕತ್ತರಿ, ಯಾರಿಗೆ ಕಾಯುವಿಕೆ ಎಂಬುದನ್ನು ವೈದ್ಯರು ನಿರ್ಧರಿಸಲಿ. ಅವರ ಬಳಿಗೆ ಕರೆದೊಯ್ಯುವ ನಿರ್ಧಾರ ಮಾತ್ರ ಮನೆಯವರದು. ಮನೆಯ ದೀಪಗಳೆಲ್ಲ ಆರಿದ ಮೇಲೆ ಮಗುವಿನ ಹಾಸಿಗೆಯ ಬಳಿ ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಿದರೆ, ಆ ನಿರ್ಧಾರಕ್ಕೆ ಬೇಕಾದ ಸಾಕ್ಷ್ಯ ಅಲ್ಲಿಯೇ ದೊರೆಯುತ್ತದೆ.